ಕೈಗೆ ಸಿಗೋದು ಎಷ್ಟು, ಅದನ್ನೂ ಕೇಳಿ
ತರಬೇತಿ ಕೊಟ್ಟರೆ ವೃದ್ಧರ ಆರೈಕೆಗೆ ಬರುವವರು ಕೆಲಸ ಬಿಡುವುದಿಲ್ಲ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪಲ್ಲ. ಲಕ್ವ ಹೊಡೆದು ಮಲಗಿದ್ದ ನಮ್ಮಮ್ಮನನ್ನು ನೋಡಿಕೊಳ್ಳಲು ಹಾವೇರಿ ಕಡೆಯ ಅಕ್ಕ ಒಬ್ಬರು ಬರುತ್ತಿದ್ದರು. 2 ಗಂಟೆಗೊಮ್ಮೆ ಮಗ್ಗುಲು ಬದಲಿಸೋರು. ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ದಿಂಬು ಇಡೋರು. ಅಮ್ಮನ ಬೆನ್ನಲ್ಲಿ ಒಂದು ಹುಣ್ಣೂ ಆಗಲಿಲ್ಲ. ಅಂಥವರೂ ಬಿಟ್ಟು ಹೋದರು. ನಾವು ತಿಂಗಳಿಗೆ ಕೊಡುತ್ತಿದ್ದ 24,000ದಲ್ಲಿ ಅವರ ಕೈಗೆ ಬರೀ 15,000 ಸಿಗುತ್ತಿತ್ತು, ಉಳಿದದ್ದು ಅವರನ್ನು ಕಳಿಸಿದ್ದ ಏಜೆನ್ಸಿಗೆ. ಇದು ನನಗೆ ಗೊತ್ತಾಗಿದ್ದೇ ಅವರು ಹೊರಟ ದಿನ. ವಾರದ ರಜೆ ಇಲ್ಲ, ಪಿಎಫ್ ಇಲ್ಲ. ಅಮ್ಮನನ್ನು ಎತ್ತಿ ಎತ್ತಿ ಸೊಂಟ ಹಿಡಿದಾಗ ಮಾತ್ರೆಗೂ ಅವರದೇ ದುಡ್ಡು. ತಿಂಗಳಿಗೆ 21,000ದವರೆಗಿನ ಸಂಬಳಕ್ಕೆ ಇಎಸ್‌ಐ, ಅಂದರೆ ನೌಕರರ ಆರೋಗ್ಯ ವಿಮೆ, ಇದೆ ಅಲ್ವಾ? ಇಂಥ ಏಜೆನ್ಸಿಗಳಿಂದ ಸರ್ಕಾರ ಮೊದಲು ಅದನ್ನು ಕಟ್ಟಿಸಲಿ.