ರಜೆಯ ಶನಿವಾರ ಮೀಟಪ್‌ಗೆ ಹೋಗಬೇಕಾ?

ಬೆಂಗಳೂರಲ್ಲಿ ಯಾವ ಶನಿವಾರ ನೋಡಿದರೂ ಯಾವುದೋ ಒಂದು ಆಫೀಸಿನ ಕೆಫೆಟೇರಿಯಾದಲ್ಲಿ ಕುರ್ಚಿ ಸಾಲಾಗಿ ಹಾಕಿ ಪೈಥಾನ್, ರಿಯಾಕ್ಟ್, ಕುಬರ್ನೆಟೀಸ್ ಅಂತ ಸಾಫ್ಟ್‌ವೇರ್ ಭಾಷೆ, ಟೂಲ್‌ಗಳ ಬಗ್ಗೆ ಮಾತು ನಡೆಯುತ್ತಿರುತ್ತದೆ. ಇದಕ್ಕೇ ಮೀಟಪ್ ಅನ್ನುವುದು. ಈಗಂತೂ ಎಐ ಬಗ್ಗೆಯೇ ಜಾಸ್ತಿ. ಪ್ರವೇಶ ಹೆಚ್ಚಾಗಿ ಉಚಿತ. ವಾರವಿಡೀ ಇದೇ ಕೆಲಸ ಮಾಡಿದವರು ರಜೆಯ ದಿನವನ್ನೂ ಅದಕ್ಕೆ ಕೊಡಬೇಕಾ? ಸಾಫ್ಟ್‌ವೇರ್ ಕೆಲಸದ ಇಬ್ಬರು ಬರೆದಿದ್ದಾರೆ. ಎರಡನೆಯವರು ಮೊದಲನೆಯವರದ್ದನ್ನು ಓದಿಕೊಂಡೇ ಬರೆದದ್ದು.

ಪರ: ಸಮೋಸದ ಹೊತ್ತಿಗಾದರೂ ಹೋಗಿ

ಟಾಕ್ ಕೇಳುವುದಕ್ಕೆ ಅಂತ ಮೀಟಪ್‌ಗೆ ಹೋಗುವ ಅಗತ್ಯ ಇಲ್ಲ. ಒಳ್ಳೆಯ ಟಾಕ್‌ಗಳು ಯೂಟ್ಯೂಬಿನಲ್ಲಿ ಸಿಗುತ್ತವೆ, ಒಂದೂವರೆ ಪಟ್ಟು ವೇಗದಲ್ಲಿ ನೋಡಿ ಮುಗಿಸಬಹುದು. ಹೋಗಬೇಕಾದ್ದು ಟಾಕ್ ಮುಗಿದ ಮೇಲೆ ಸಮೋಸ ಹಿಡಿದುಕೊಂಡು ನಿಲ್ಲುತ್ತೀವಲ್ಲ, ಆ ಅರ್ಧ ಗಂಟೆಗೆ. ಸ್ಟೇಜಿನ ಮೇಲೆ ಎಲ್ಲರ ಪ್ರಾಜೆಕ್ಟೂ ಗೆದ್ದಿರುತ್ತದೆ. ಕೆಳಗಿಳಿದ ಮೇಲೆ ಅದೇ ಮನುಷ್ಯ, "ಡೇಟಾಬೇಸ್ ಬದಲಾಯಿಸಿದ್ವಿ ಅಂದ್ನಲ್ಲ, ಈಗ ಹಳೇದಕ್ಕೇ ವಾಪಸ್ ಹೋಗೋ ಯೋಚನೆ ಇದೆ" ಅನ್ನುತ್ತಾನೆ. ಈ ಮಾತನ್ನು ಯಾವ ಕಂಪನಿಯೂ ತನ್ನ ಬ್ಲಾಗಿನಲ್ಲಿ ಹಾಕುವುದಿಲ್ಲ. ನಿಮ್ಮ ಟೀಮೂ ಅದೇ ಡೇಟಾಬೇಸ್ ಕಡೆ ಹೊರಟಿದ್ದರೆ ಈ ಒಂದು ಮಾತು ಎಷ್ಟು ತಿಂಗಳ ಕೆಲಸ ಉಳಿಸಬಹುದು ಯೋಚಿಸಿ.

ಒಂದೇ ಟೀಮಿನಲ್ಲಿ ಕೆಲವು ವರ್ಷ ಇದ್ದವರಿಗೆ ಅದೇ ಲೋಕ ಆಗಿಬಿಡುತ್ತದೆ. ರಿಲೀಸ್ (ಸಾಫ್ಟ್‌ವೇರಿನ ಹೊಸ ಆವೃತ್ತಿ ಬಿಡುವುದು) ಅಂದರೆ ರಾತ್ರಿ ಹನ್ನೊಂದಕ್ಕೆ ಎಲ್ಲರೂ ಕಾಲ್‌ನಲ್ಲಿ ಕೂರುವುದು ಅಂತಲೇ ನಂಬಿರುತ್ತಾರೆ. ಬೇರೆ ಕಡೆ ಅದೇ ಕೆಲಸ ಮಧ್ಯಾಹ್ನ ಊಟಕ್ಕೆ ಮುಂಚೆ ಯಾರಿಗೂ ಗೊತ್ತಾಗದ ಹಾಗೆ ಮುಗಿಯುತ್ತದೆ ಅಂತ ಹೇಳುವವರು ಆಫೀಸಿನಲ್ಲಿ ಇರುವುದಿಲ್ಲ. ಯಾವ ಲೆವೆಲ್‌ಗೆ ಎಲ್ಲಿ ಎಷ್ಟು ಸಂಬಳ, ಯಾವ ಟೀಮಿನಲ್ಲಿ ಜನ ನಿಲ್ಲುವುದಿಲ್ಲ, ಇವನ್ನೆಲ್ಲ ಎಚ್‌ಆರ್ ಹೇಳುತ್ತಾರಾ? ಹೊರಗಿನವರು ಹೇಳಬೇಕು.

ಈ ಊರಿಗೆ ಇದು ಹೊಸ ಚಟವೂ ಅಲ್ಲ. ಲಿನಕ್ಸ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂ ಬಳಸುವವರು ಇಲ್ಲಿ ಬಹಳ ಹಿಂದೆಯೇ ಗುಂಪು ಕಟ್ಟಿಕೊಂಡಿದ್ದರು. 2001ರಲ್ಲಿ 'ಲಿನಕ್ಸ್ ಬ್ಯಾಂಗಲೋರ್' ಸಮ್ಮೇಳನ ಶುರುವಾಯಿತು. ಅದೇ ಮುಂದೆ 'ಫಾಸ್ ಡಾಟ್ ಇನ್' (ಫಾಸ್ ಅಂದರೆ ಕೋಡನ್ನು ಎಲ್ಲರಿಗೂ ತೆರೆದಿಟ್ಟ ಸ್ವತಂತ್ರ ಸಾಫ್ಟ್‌ವೇರ್) ಅಂತ ಹೆಸರು ಬದಲಿಸಿಕೊಂಡು 2012ರವರೆಗೂ ನಡೆಯಿತು. 2006ರಲ್ಲಿ ಬಾರ್‌ಕ್ಯಾಂಪ್ ಬಂತು. ಅಲ್ಲಿ ಮೊದಲೇ ನಿಗದಿ ಮಾಡಿದ ಭಾಷಣಕಾರರು ಇರುವುದಿಲ್ಲ. ಯಾರಿಗೆ ಏನು ಹೇಳುವುದಿದೆಯೋ ಅವರು ಬೋರ್ಡಿನ ಮೇಲೆ ಬರೆದು ಒಂದು ರೂಮು ಹಿಡಿದರಾಯಿತು. ಬೇಜಾರಾದರೆ ಎದ್ದು ಪಕ್ಕದ ರೂಮಿಗೆ ಹೋಗಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. (ಆಫೀಸ್ ಮೀಟಿಂಗ್‌ಗಳಿಗೂ ಈ ನಿಯಮ ಬರಬಾರದಾ!) ದೇಶದ ಮೊದಲ ಪೈಕಾನ್ (ಪೈಥಾನ್ ಸಮ್ಮೇಳನ) 2009ರಲ್ಲಿ ನಡೆದದ್ದು ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಅದಕ್ಕೂ ಮೊದಲೇ 'ಬ್ಯಾಂಗ್‌ಪೈಪರ್ಸ್' ಅನ್ನುವ ಪೈಥಾನ್ ಗೆಳೆಯರ ಬಳಗ ಇಲ್ಲಿತ್ತು. ಸಂಬಳ ಇಲ್ಲದೆ ಓಡಾಡುವ ಇಂಥ ಬಳಗಗಳಿಲ್ಲದೆ ದೊಡ್ಡ ಸಮ್ಮೇಳನಗಳು ಹುಟ್ಟುವುದಿಲ್ಲ. ಈಗ ಫಾಸ್ ಯುನೈಟೆಡ್ ಅನ್ನುವ ಸಂಸ್ಥೆಯವರು ತಿಂಗಳ ಮೀಟಪ್ ನಡೆಸುತ್ತಾರೆ, ವರ್ಷಕ್ಕೊಮ್ಮೆ ಇಂಡಿಯಾ ಫಾಸ್ ಸಮ್ಮೇಳನ ಮಾಡುತ್ತಾರೆ. ಅದೂ ಈಚೆಗೆ ನಡೆಯುತ್ತಿರುವುದು ನಿಮ್ಹಾನ್ಸ್ ಕನ್ವೆನ್ಷನ್ ಸೆಂಟರ್‌ನಲ್ಲಿ. ಹಳೆಯ ಫಾಸ್ ಡಾಟ್ ಇನ್ ಕೊನೆಯ ಸಲ ಸೇರಿದ್ದೂ ಅಲ್ಲೇ.

ಹೀಗೆ ಸೇರುವುದರಿಂದ ಏನಾದರೂ ಹುಟ್ಟುತ್ತದಾ ಅಂತ ಕೇಳುವವರಿಗೆ ಕ್ಯಾಲಿಫೋರ್ನಿಯಾದ ಹಳೆಯ ಕತೆ ಇದೆ. 1975ರ ಮಾರ್ಚ್ 5ರಂದು ಮೆನ್ಲೋ ಪಾರ್ಕ್‌ನ ಒಂದು ಗ್ಯಾರೇಜಿನಲ್ಲಿ ಮೂವತ್ತು ಚಿಲ್ಲರೆ ಜನ ಸೇರಿದರು. ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ಬಿನ ಮೊದಲ ಸಭೆ ಅದು. ಬಂದವರಲ್ಲಿ, ಮುಂದೆ ಆಪಲ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ ಕೂಡ ಇದ್ದರು. ಅಲ್ಲಿ ಸಿಕ್ಕ ಒಂದು ಮೈಕ್ರೋಪ್ರೊಸೆಸರ್‌ನ ಮಾಹಿತಿ ಹಾಳೆಯನ್ನು ಮನೆಗೆ ತಂದು ಓದಿದರು. ಮೊದಲ ಆಪಲ್ ಕಂಪ್ಯೂಟರಿನ ಯೋಚನೆ ಹೊಳೆದದ್ದು ಹಾಗೆ. ಅದರ ನಕ್ಷೆಯನ್ನು ಮೊದಲು ಹಂಚಿದ್ದೂ ಆ ಕ್ಲಬ್ಬಿನವರಿಗೇ.

ಅಷ್ಟು ದೊಡ್ಡದು ಬೇಡ, ಕೆಲಸದ ವಿಷಯಕ್ಕೇ ಬರೋಣ. ಮಾರ್ಕ್ ಗ್ರಾನೊವೆಟರ್ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞ 1973ರಲ್ಲಿ ಒಂದು ಲೇಖನ ಬರೆದರು. ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದವರನ್ನು ಅವರು ಕೇಳಿದ್ದು ಇಷ್ಟೇ: ಈ ಕೆಲಸದ ಸುದ್ದಿ ಕೊಟ್ಟವರನ್ನು ಆ ಹೊತ್ತಿನಲ್ಲಿ ಎಷ್ಟು ಸಲ ನೋಡುತ್ತಿದ್ದಿರಿ? ಆಗಾಗ ನೋಡುತ್ತಿದ್ದೆ ಅಂದವರು ಶೇಕಡಾ 17ಕ್ಕಿಂತ ಕಡಿಮೆ. ಉಳಿದವರೆಲ್ಲ ಯಾವಾಗಲೋ ಒಮ್ಮೆ, ಅಥವಾ ತೀರಾ ಅಪರೂಪಕ್ಕೆ ಅಂದರು. ಕಾರಣ ಸುಲಭ. ಹತ್ತಿರದ ಸ್ನೇಹಿತರಿಗೆ ನಮಗೆ ಗೊತ್ತಿರುವುದೇ ಗೊತ್ತಿರುತ್ತದೆ. ದೂರದ ಪರಿಚಯ ಬೇರೆ ಸುದ್ದಿ ತರುತ್ತದೆ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಲಿಂಕ್ಡ್‌ಇನ್‌ನ ಸುಮಾರು ಎರಡು ಕೋಟಿ ಬಳಕೆದಾರರ ಮೇಲೆ ಇದನ್ನೇ ಪರೀಕ್ಷೆ ಮಾಡಿದ್ದರು. ನಮ್ಮಂಥ ಡಿಜಿಟಲ್ ಕ್ಷೇತ್ರಗಳಲ್ಲಿ ತೆಳುವಾದ ನಂಟಿನ ಉಪಯೋಗ ಇನ್ನೂ ಜಾಸ್ತಿ ಅಂತ ಕಂಡಿತು.

ನನಗೆ ಇದು ಬರೀ ಥಿಯರಿ ಅಲ್ಲ. ನಾನು ಓದಿದ್ದು ದಾವಣಗೆರೆ ಕಡೆಯ ಕಾಲೇಜಿನಲ್ಲಿ. ಐಐಟಿಯವರಿಗೆ ದೊಡ್ಡ ಕಂಪನಿಗಳಲ್ಲೆಲ್ಲ ಸೀನಿಯರ್‌ಗಳು ಇರುತ್ತಾರೆ, ಒಂದು ಮೆಸೇಜು ಹಾಕಿದರೆ ರೆಫರಲ್ (ಕೆಲಸಕ್ಕೆ ಒಳಗಿನವರ ಶಿಫಾರಸು) ಸಿಗುತ್ತದೆ. ನಮಗೆ ಯಾರಿದ್ದರು? ಮೀಟಪ್ ನಮ್ಮಂಥವರಿಗೆ ಸೀನಿಯರ್‌ಗಳನ್ನು ಕೊಡುತ್ತದೆ. ಇಂಗ್ಲಿಷ್ ತಡವರಿಸುತ್ತದೆ ಅನ್ನುವ ಹೆದರಿಕೆ ಇದ್ದರೆ ಮೊದಲ ಸಲ ಸುಮ್ನೆ ಹಿಂದಿನ ಸಾಲಿನಲ್ಲಿ ಕೂತು ಬನ್ನಿ. ಟೀ ಹೊತ್ತಿನಲ್ಲಿ "ನೀವು ಯಾವ ಊರಿನವ್ರು?" ಅಂತ ಯಾರೋ ಕೇಳಿಯೇ ಕೇಳುತ್ತಾರೆ. ಅಲ್ಲಿಂದ ಮುಂದೆ ಕನ್ನಡದಲ್ಲೇ ಸಾಗುತ್ತದೆ.

ಒಂದು ಕಿವಿಮಾತು. ನೆಟ್‌ವರ್ಕಿಂಗ್ ಅಂತಲೇ ಹೆಸರಿಟ್ಟ, ಟಿಕೆಟ್ ಇಟ್ಟ, ವಿಸಿಟಿಂಗ್ ಕಾರ್ಡು ಹಂಚುವ ಸಂಜೆಗಳಿಗೆ ನಾನು ಹೋಗುವುದಿಲ್ಲ, ಹೋಗಿ ಅಂತಲೂ ಹೇಳುವುದಿಲ್ಲ. ಒಂದು ಭಾಷೆ, ಒಂದು ಟೂಲ್ ಸುತ್ತ ಸೇರುವ ಸಣ್ಣ ಗುಂಪು ಹುಡುಕಿ. ರೆಸ್ಯೂಮೆ ಮನೆಯಲ್ಲಿಟ್ಟು, ನಿಮ್ಮನ್ನು ಈ ವಾರ ಕಾಡಿದ ಒಂದು ಬಗ್ ಜೊತೆಗೆ ಹೋಗಿ. ಕುರ್ಚಿ ಜೋಡಿಸುವುದಕ್ಕೆ ಕೈ ಹಾಕಿದರೆ ಇನ್ನೂ ಬೇಗ ಪರಿಚಯ ಆಗುತ್ತದೆ.

ವಿರೋಧ: ಆ ಸಮೋಸದ ಬೆಲೆ ಎಷ್ಟು ಗೊತ್ತಾ?

ಮೇಲಿನವರು ಚೆನ್ನಾಗಿ ಬರೆದಿದ್ದಾರೆ. ಆದರೆ ಒಂದು ಲೆಕ್ಕ ಬಿಟ್ಟಿದ್ದಾರೆ. ಅರ್ಧ ಗಂಟೆಯ ಸಮೋಸಕ್ಕೆ ಇಡೀ ಶನಿವಾರ ಹೋಗುತ್ತದೆ.

ನನ್ನ ಮನೆ ಕೆಂಗೇರಿ. ಮೀಟಪ್‌ಗಳು ನಡೆಯುವುದು ವೈಟ್‌ಫೀಲ್ಡ್, ಎಚ್‌ಎಸ್‌ಆರ್, ಕೋರಮಂಗಲ, ಔಟರ್ ರಿಂಗ್ ರೋಡಿನ ಟೆಕ್ ಪಾರ್ಕ್‌ಗಳಲ್ಲಿ. ಜಾಗ ಕೊಡುವ ಕಂಪನಿಗಳು ಅಲ್ಲಿರುವುದರಿಂದ ಹಾಗೆ. 2023ರ ಅಕ್ಟೋಬರ್‌ನಿಂದ ನೇರಳೆ ಮೆಟ್ರೋ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡುತ್ತಿದೆ ನಿಜ. ಆದರೂ ಒಂದು ಕಡೆಗೆ ಒಂದೂಕಾಲು ಗಂಟೆ ಬೇಕು. ಇಳಿದ ಮೇಲೆ ಆಟೋ ಹಿಡಿಯಬೇಕು. ಗೇಟಿನಲ್ಲಿ ಹೆಸರು, ಫೋನ್ ನಂಬರು, ಲ್ಯಾಪ್‌ಟಾಪಿನ ಸೀರಿಯಲ್ ನಂಬರು ಬರೆಸಬೇಕು. ಆಮೇಲೆ ಮೇಲಿಂದ ಯಾರಾದರೂ ಇಳಿದು ಬಂದು ಕರೆದುಕೊಂಡು ಹೋಗುವವರೆಗೆ ಕಾಯಬೇಕು. ಹತ್ತಕ್ಕೆ ಅಂತ ಹಾಕಿದ್ದು ಹತ್ತೂಮುಕ್ಕಾಲಿಗೆ ಶುರು. ಮೊದಲ ಟಾಕ್ ಜಾಗ ಕೊಟ್ಟವರದ್ದೇ. ಅವರ ಪ್ರಾಡಕ್ಟ್ ಏನು ಮಾಡುತ್ತದೆ, ಅವರಲ್ಲಿ ಎಷ್ಟು ಹುದ್ದೆ ಖಾಲಿ ಇವೆ, ಕೊನೆಗೊಂದು ಕ್ಯೂಆರ್ ಕೋಡ್. ಅನ್ನದ ಋಣ, ಕೇಳಲೇಬೇಕು ಅಲ್ವಾ.

ಮನೆಯಲ್ಲಿ ಮಗು ಇರುವವರು, ವಯಸ್ಸಾದ ಅಪ್ಪ-ಅಮ್ಮನನ್ನು ನೋಡಿಕೊಳ್ಳುವವರು ಈ ಲೆಕ್ಕ ಇನ್ನೂ ಗಟ್ಟಿಯಾಗಿ ಹಾಕುತ್ತಾರೆ. ಯಾವ ಮೀಟಪ್ಪಿನ ಗ್ರೂಪ್ ಫೋಟೋ ಬೇಕಾದರೂ ತೆಗೆದು ನೋಡಿ. ಇಪ್ಪತ್ತೈದರ ಆಸುಪಾಸಿನ ಹುಡುಗರೇ ತುಂಬಿರುತ್ತಾರೆ, ಹೆಣ್ಣುಮಕ್ಕಳು ಬೆರಳೆಣಿಕೆ. ನಮಗೆ ಕಲಿಯುವ ಆಸೆ ಇಲ್ಲ ಅಂತಲ್ಲ. ಶನಿವಾರ ಅನ್ನುವುದು ಎಲ್ಲರಿಗೂ ರಜೆ ಅಂತ ಅಂದುಕೊಂಡವರು ಈ ದಿನ ಆರಿಸಿದ್ದಾರೆ. ಅಮೆರಿಕದ ಪೈಕಾನ್‌ನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆಯನ್ನೇ ಮಾಡಿರುತ್ತಾರೆ. ನಮ್ಮ ತಿಂಗಳ ಮೀಟಪ್‌ಗಳಿಂದ ಅಷ್ಟನ್ನು ಯಾರೂ ಕೇಳುತ್ತಿಲ್ಲ. ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ ಹೇಳಿ ಅಷ್ಟು ಹೊತ್ತಿಗೆ ಮುಗಿಸಿದರೂ ಸಾಕಿತ್ತು.

ಇನ್ನು ಗ್ರಾನೊವೆಟರ್. ಅವರ ಲೇಖನವನ್ನು ನೆಟ್‌ವರ್ಕಿಂಗ್ ಪರವಾಗಿ ಎಳೆದು ತರದವರಿಲ್ಲ. ಆದರೆ ಕೆಲಸದ ಸುದ್ದಿ ಕೊಟ್ಟ ಆ 'ದೂರದ ಪರಿಚಯ' ಯಾರು? ಅದೇ ಲೇಖನದಲ್ಲಿದೆ: ಹಳೆಯ ಕಾಲೇಜು ಸ್ನೇಹಿತರು, ಹಿಂದಿನ ಆಫೀಸಿನ ಸಹೋದ್ಯೋಗಿಗಳು, ಹಿಂದಿನ ಬಾಸ್. ಅಂದರೆ ಒಂದು ಕಾಲಕ್ಕೆ ಜೊತೆಯಲ್ಲೇ ಕೂತು ಕೆಲಸ ಮಾಡಿದವರು, ನಮ್ಮ ಕೈಗುಣ ಬಲ್ಲವರು. ಈಗ ಭೇಟಿ ಕಡಿಮೆ ಅಷ್ಟೇ. ಕೆಫೆಟೇರಿಯಾದಲ್ಲಿ ಹತ್ತು ನಿಮಿಷ ಮಾತಾಡಿ ಕ್ಯೂಆರ್ ಸ್ಕ್ಯಾನ್ ಮಾಡಿಕೊಂಡವರಲ್ಲ. 'ಯಾವಾಗಲೋ ಒಮ್ಮೆ' ಅನ್ನುವ ಅವರ ಗುಂಪೂ ಬಹಳ ಅಗಲ. ವಾರಕ್ಕೆ ಎರಡು ಸಲಕ್ಕಿಂತ ಕಡಿಮೆ, ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಭೇಟಿ ಆದವರೆಲ್ಲ ಅದರಲ್ಲಿ ಬರುತ್ತಾರೆ. 2022ರ ಆ ಲಿಂಕ್ಡ್‌ಇನ್ ಅಧ್ಯಯನವೂ ಪೂರ್ತಿ ಹೇಳಿದ್ದು ಬೇರೆ. ಜಾಸ್ತಿ ಉಪಯೋಗಕ್ಕೆ ಬಂದದ್ದು ಮಧ್ಯಮ ತೆಳುವಿನ ನಂಟು. ತೀರಾ ತೆಳುವಾದದ್ದು ಅಷ್ಟಾಗಿ ಕೈ ಹಿಡಿಯಲಿಲ್ಲ.

ನನಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ರೆಫರ್ ಮಾಡುವುದು ಅಂದರೆ ನನ್ನ ಹೆಸರನ್ನು ಇನ್ನೊಬ್ಬರ ಹಿಂದೆ ನಿಲ್ಲಿಸುವುದು. ಮೀಟಪ್ಪಿನಲ್ಲಿ ಸಿಕ್ಕವರು ಕಳಿಸಿದ ರೆಸ್ಯೂಮೆಯನ್ನು ನಾನೂ ನಮ್ಮ ಕಂಪನಿಯ ಪೋರ್ಟಲ್‌ಗೆ ಹಾಕುತ್ತೇನೆ. ಆದರೆ "ನಿಮಗೆ ಇವರು ಎಷ್ಟು ಗೊತ್ತು?" ಅನ್ನುವ ಕಾಲಂ ಬಂದಾಗ ಏನು ಬರೆಯಲಿ? 'ಒಮ್ಮೆ ಟೀ ಕುಡಿದಿದ್ದೇವೆ' ಅಂತಲಾ? ಹಳೆಯ ಟೀಮಿನವರು ಕೇಳಿದಾಗ ಮಾತ್ರ ಮ್ಯಾನೇಜರ್‌ಗೆ ಫೋನು ಮಾಡಿ, "ಈ ಹುಡುಗಿಯನ್ನು ಬಿಡಬೇಡಿ" ಅನ್ನುತ್ತೇನೆ.

ಇನ್ನೊಂದು ಪ್ರಯೋಗ ಇದೆ, ಮೀಟಪ್ ಪ್ರಿಯರು ಅದರ ಹೆಸರೆತ್ತುವುದು ಕಡಿಮೆ. ನ್ಯೂಯಾರ್ಕಿನ ಕೊಲಂಬಿಯಾ ಬಿಸಿನೆಸ್ ಸ್ಕೂಲಿನ ಇಬ್ಬರು, ಪಾಲ್ ಇಂಗ್ರಾಮ್ ಮತ್ತು ಮೈಕೆಲ್ ಮಾರಿಸ್, 2007ರಲ್ಲಿ ಪ್ರಕಟಿಸಿದ್ದು. ಒಂದು ಪಾರ್ಟಿಗೆ ಬಂದ ಉದ್ಯಮದವರ ಕೊರಳಿಗೆ ಎಲೆಕ್ಟ್ರಾನಿಕ್ ಟ್ಯಾಗ್ ಹಾಕಿ, ಯಾರು ಯಾರ ಹತ್ತಿರ ಎಷ್ಟು ಹೊತ್ತು ನಿಂತರು ಅಂತ ಅಳೆದರು. ಹೊಸಬರನ್ನು ಪರಿಚಯ ಮಾಡಿಕೊಳ್ಳುವುದೇ ಮುಖ್ಯ ಅಂತ ಮೊದಲೇ ಹೇಳಿದ್ದ ಜನವೇ, ಅಲ್ಲಿಗೆ ಬಂದ ಮೇಲೆ ಜಾಸ್ತಿ ಹೊತ್ತು ನಿಂತದ್ದು ಮೊದಲೇ ಗೊತ್ತಿದ್ದವರ ಜೊತೆ. ಇಲ್ಲೂ ಅಷ್ಟೇ. ಆಯೋಜಕರು, ಹಳೆಯ ಸ್ಪೀಕರ್‌ಗಳು ಒಂದು ಗುಂಪಾಗಿ ನಗುತ್ತಿರುತ್ತಾರೆ. ಒಂದೇ ಕಂಪನಿಯ ನಾಲ್ಕು ಜನ ಇನ್ನೊಂದು ಗುಂಪು. ಊರಿಂದ ಹೊಸದಾಗಿ ಬಂದ ಹುಡುಗ ಗೋಡೆ ಪಕ್ಕ ಫೋನು ನೋಡುತ್ತಾ ನಿಂತಿರುತ್ತಾನೆ. "ಯಾವ ಊರಿನವ್ರು?" ಅಂತ ಕೇಳುವವರು ದಾವಣಗೆರೆಯವರಿಗೆ ಸಿಕ್ಕಿದ್ದು ಅವರ ಪುಣ್ಯ.

ಗ್ಯಾರೇಜಿನ ಕತೆಗೂ ಒಂದು ಉತ್ತರ ಇದೆ. 1975ರಲ್ಲಿ ಆ ಮಾಹಿತಿ ಹಾಳೆ ಬೇಕಾದರೆ ಹಾಳೆ ಇದ್ದವರ ಹತ್ತಿರ ಹೋಗಲೇಬೇಕಿತ್ತು. 1991ರ ಆಗಸ್ಟ್ 25ರಂದು ಹೆಲ್ಸಿಂಕಿಯ ಒಬ್ಬ ವಿದ್ಯಾರ್ಥಿ ಇಂಟರ್ನೆಟ್ಟಿನ ಒಂದು ಚರ್ಚಾ ಗುಂಪಿಗೆ ಸಂದೇಶ ಹಾಕಿದ. ಸುಮ್ನೆ ಹವ್ಯಾಸಕ್ಕೆ ಒಂದು ಆಪರೇಟಿಂಗ್ ಸಿಸ್ಟಂ ಬರೆಯುತ್ತಿದ್ದೇನೆ, ನಿಮಗೇನು ಬೇಕು ಹೇಳಿ ಅಂತ ಅದರ ಸಾರಾಂಶ. ಆ ಹುಡುಗ ಲಿನಸ್ ಟೊರ್ವಾಲ್ಡ್ಸ್, ಆ ಸಿಸ್ಟಂ ಲಿನಕ್ಸ್. ಲಿನಕ್ಸ್ ಬೆಳೆದದ್ದು ಬಹುಪಾಲು ಒಬ್ಬರ ಮುಖ ಒಬ್ಬರು ನೋಡದವರಿಂದ, ಇಮೇಲಿನಲ್ಲಿ ಪ್ಯಾಚ್ (ಕೋಡಿನ ತಿದ್ದುಪಡಿ) ಕಳಿಸಿಕೊಂಡು. ಮೇಲಿನವರು ಹೆಸರಿಸಿದ 'ಲಿನಕ್ಸ್ ಬ್ಯಾಂಗಲೋರ್' ನಡೆದದ್ದು ಅದಾಗಿ ಹತ್ತು ವರ್ಷಕ್ಕೆ. ಕೆಲಸ ಮೊದಲು ಆಯಿತು, ಜಾತ್ರೆ ಆಮೇಲೆ ಸೇರಿತು.

ಹಾಗಾದರೆ ದೊಡ್ಡ ಕಾಲೇಜಿನ ಬಲ ಇಲ್ಲದವರು ಏನು ಮಾಡಬೇಕು? ನನಗೂ ಆ ಬಲ ಇರಲಿಲ್ಲ. ದಿನಾ ಬಳಸುವ ಒಂದು ಓಪನ್ ಸೋರ್ಸ್ ಲೈಬ್ರರಿ (ಎಲ್ಲರಿಗೂ ತೆರೆದಿಟ್ಟ ಸಿದ್ಧ ಕೋಡು) ಆರಿಸಿ. ಅದರಲ್ಲಿ ಒಂದು ಸಣ್ಣ ದೋಷ ಸರಿ ಮಾಡಿ ಕಳಿಸಿ. ಅದನ್ನು ನೋಡಿಕೊಳ್ಳುವವರು ಸಾಲು ಸಾಲಾಗಿ ಓದಿ ತಿದ್ದಿಸುತ್ತಾರೆ, ದುಡ್ಡಿಲ್ಲದೆ. ಎರಡು ಮೂರು ಸಲ ಹೀಗಾದರೆ ಅವರಿಗೆ ನಿಮ್ಮ ಕೆಲಸ ಗೊತ್ತಾಗುತ್ತದೆ, ಮುಖ ಗೊತ್ತಿರಬೇಕಾಗಿಲ್ಲ. ಇಂಗ್ಲಿಷ್ ತಡವರಿಸುವವರಿಗೆ ಇದು ಇನ್ನೂ ಒಳ್ಳೆಯದು, ನಿಧಾನವಾಗಿ ಬರೆದು ಎರಡು ಸಲ ಓದಿ ಕಳಿಸಬಹುದು. ಇದಕ್ಕೆ ಬೆಂಗಳೂರಿಗೇ ಬರಬೇಕು ಅಂತಿಲ್ಲ. ಗದಗದಲ್ಲಿ, ಬೀದರಿನಲ್ಲಿ ಕೂತವರಿಗೂ ಆಗುತ್ತದೆ. ಮೀಟಪ್ಪನ್ನೇ ದಾರಿ ಅಂತ ಹೇಳುವವರು ಅವರನ್ನೆಲ್ಲ ಮರೆತಿರುತ್ತಾರೆ.

ಮಾತಾಡುವುದಕ್ಕೆ ಜನ ಬೇಕು ಅನ್ನಿಸಿದಾಗ ನಾನು ಹಳೆಯ ಆಫೀಸಿನವರಿಗೆ ಫೋನು ಮಾಡುತ್ತೇನೆ. ಇಬ್ಬರು ಮೂವರು ಸೇರಿ ವಿಜಯನಗರದಲ್ಲಿ ಯಾವುದಾದರೂ ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುತ್ತೇವೆ. ಡೇಟಾಬೇಸ್ ಕೈಕೊಟ್ಟ ಕತೆ, ಸಂಬಳದ ಕತೆ, ನಿಲ್ಲಲಾಗದ ಮ್ಯಾನೇಜರ್ ಕತೆ ಎಲ್ಲ ಅಲ್ಲೂ ಬರುತ್ತವೆ. ಇವರಾದರೆ ಉತ್ಪ್ರೇಕ್ಷೆ ಎಷ್ಟು, ನಿಜ ಎಷ್ಟು ಅಂತ ನನಗೆ ಗೊತ್ತಾಗುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ಮನೆಯಲ್ಲಿರುತ್ತೇನೆ.