ಪೊಟರೆಯ ಲೆಕ್ಕ

ಕೊಲಂಬಿಯಾದ ಆಂಡಿಸ್ ಬೆಟ್ಟಗಳ ಹಳದಿ ಕಿವಿಯ ಗಿಳಿಗಳ ಕುರಿತ ಲೇಖನವೊಂದನ್ನು ಸಂಡೂರಿನಲ್ಲಿ ಕುಳಿತು ಓದಿದೆ. 1999ರಲ್ಲಿ ಕಣ್ಣಿಗೆ ಬಿದ್ದದ್ದು ಬರೀ 81 ಹಕ್ಕಿ! ಅವು ಗೂಡು ಕಟ್ಟುವ ಮೇಣದ ತಾಳೆ ಮರವನ್ನು ಕ್ರೈಸ್ತರ ಗರಿಗಳ ಭಾನುವಾರದ ಮೆರವಣಿಗೆಗೆ ಕಡಿಯುವುದನ್ನು ಬಿಡಿಸಲು ಚರ್ಚೇ ಕೈಜೋಡಿಸಿತು ಎಂಬುದು ಹಿಡಿಸಿತು. ನಮ್ಮ ಸಂಡೂರಿನ ಸ್ವಾಮಿಮಲೆ ಕಾಡಿನ ಕಡೆ ಹಳೆಯ ಮರವೊಂದರ ಪೊಟರೆಯಿಂದ ಗಿಳಿಯೊಂದು ಇಣುಕಿದ್ದನ್ನು ಕಳೆದ ಮಾಘದಲ್ಲಿ ನೋಡಿದೆ. ಗಣಿಗಳ ಅದಿರಿನ ಧೂಳು ಕುಳಿತು, ಅದರ ಕೊಕ್ಕಿಗಿಂತ ಎಲೆಗಳೇ ಕೆಂಪಾಗಿದ್ದವು. ಒಂದು ಮರ ಕಡಿದರೆ ಹತ್ತು ಸಸಿ ನೆಡುತ್ತೇವೆ ಎನ್ನುವವರು ಹೇಳಲಿ, ಸಸಿಯಲ್ಲಿ ಪೊಟರೆ ಎಲ್ಲಿರುತ್ತದೆ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದ್ದರೂ ಗಿಳಿಯ ಪಂಜರಗಳು ಮನೆಗಳಲ್ಲಿ ತೂಗುತ್ತಲೇ ಇವೆ. ಸುಳ್ಳೇಕೆ, ಅಜ್ಜನ ಕಾಲದಲ್ಲಿ ನಮ್ಮ ಪಡಸಾಲೆಯಲ್ಲೂ ಒಂದಿತ್ತು.