ಹಾಜರಿ ಪಟ್ಟಿಯಲ್ಲಿ ಕಲಿಕೆಯನ್ನು ಹುಡುಕಬೇಡಿ

ನಿನ್ನೆ ಊರಿನ ಶಾಲೆಯೊಂದರ ಪಿಟಿಎ (ಶಿಕ್ಷಕ-ಪೋಷಕರ ಸಂಘ) ಸಭೆಯಿಂದ ಮರಳಿದ ಮೇಲೆ ಮನಸ್ಸಿಗೆ ಸಮಾಧಾನವಿಲ್ಲ. ಮಳೆಗೆ ರಜೆ ಸಾರಿದ ದಿನಗಳ ಆನ್‌ಲೈನ್ ತರಗತಿಗಳು ಯಶಸ್ವಿಯಾದವೆಂದು ವರದಿ ಓದಿದರು. ಎಷ್ಟು ಮಕ್ಕಳು ಲಿಂಕ್ ತೆರೆದರು, ಎಷ್ಟು ನಿಮಿಷ ಇದ್ದರು ಎಂಬುದೇ ಅದಕ್ಕೆ ಆಧಾರ. ಪಾಠ ಎಷ್ಟು ಮಂದಿಗೆ ತಿಳಿಯಿತು ಎಂದು ಕೇಳಿದೆ. ಆ ಲೆಕ್ಕ ಯಾರ ಬಳಿಯೂ ಇರಲಿಲ್ಲ.

ಕೋವಿಡ್‌ನಿಂದ ಶಾಲೆ ಮುಚ್ಚಿದ್ದಾಗ, 2020ರ ಜೂನ್ 1ರಂದು ಕೇರಳ ಸರಕಾರದ ಶಿಕ್ಷಣ ಟಿವಿ ವಾಹಿನಿ ವಿಕ್ಟರ್ಸ್‌ನಲ್ಲಿ ‘ಫಸ್ಟ್ ಬೆಲ್’ ಎಂಬ ಪಾಠಗಳು ಆರಂಭವಾದವು; ಆಗ ನಾನು ಕನ್ನಡ ಮಾಧ್ಯಮದ ಎರಡನೆಯ ತರಗತಿಯ ಶಿಕ್ಷಕನಾಗಿದ್ದೆ. ಸಂಜೆ ವಾಟ್ಸಾಪಿಗೆ ಬಂದ ನೋಟ್‌ಪುಸ್ತಕದ ಚಿತ್ರ ನೋಡಿ ನಾನೂ ‘ಭಾಗವಹಿಸಿದ್ದಾನೆ’ ಎಂದು ಬರೆದುಕೊಂಡವನೇ. 2021ರ ನವೆಂಬರ್ 1ರಂದು ಶಾಲೆ ತೆರೆದಾಗ, ನನ್ನ ಪಟ್ಟಿಯಲ್ಲಿ ಒಂದು ದಿನವೂ ತಪ್ಪದ ಹುಡುಗನೊಬ್ಬ ಒತ್ತಕ್ಷರ ಬಂದಲ್ಲೆಲ್ಲ ನಿಂತುಬಿಟ್ಟ. ಅಷ್ಟು ದಿನ ಬರೆದು ಕಳುಹಿಸಿದವಳು ಅವನ ಅಕ್ಕ. ಆ ತಪ್ಪು ನನ್ನದು, ಇಂದಿಗೂ ಕಾಡುತ್ತದೆ.

ಶಿಕ್ಷಕರಿಗೆ ಈಗಾಗಲೇ ಬೆಟ್ಟದಷ್ಟು ದಾಖಲೆಗಳಿವೆ, ಲಿಂಕಿನ ಲೆಕ್ಕವಾದರೆ ತಾನಾಗಿ ಸಿಗುತ್ತದೆ ಎಂದು ಸಭೆಯಲ್ಲಿ ಒಬ್ಬರು ಹೇಳಿದರು. ಹೊರೆ ನಿಜ, ಅದನ್ನು ನಾನೂ ಹೊತ್ತಿದ್ದೇನೆ. ಆದರೆ ಸುಲಭವಾಗಿ ಸಿಕ್ಕಿತೆಂದು ಅದು ಕಲಿಕೆಯ ಅಳತೆ ಆಗುವುದಿಲ್ಲ. ಸಿಗ್ನಲಿಗಾಗಿ ಗುಡ್ಡ ಹತ್ತಿ, ಅರ್ಧದಲ್ಲಿ ಸಂಪರ್ಕ ಕಡಿದರೂ ಕೇಳಿದಷ್ಟನ್ನು ಮನನ ಮಾಡಿದ ಹುಡುಗಿ ಆ ಲೆಕ್ಕದಲ್ಲಿ ಹಿಂದುಳಿದವಳು. ಮೊಬೈಲನ್ನು ಜಗಲಿಯಲ್ಲಿಟ್ಟು ಆಡಲು ಹೋದವನು ಮುಂದಿರುವವನು. ಇನ್ನು ಆನ್‌ಲೈನ್ ಪಾಠದ ಕೆಲವು ಪ್ರಶ್ನೆಗಳು ಬಂದದ್ದೇ ಮಲಯಾಳದಲ್ಲಿ. ಉತ್ತರಿಸದ ಕನ್ನಡದ ಮಗುವಿಗೆ ತಿಳಿಯದೆ ಹೋದದ್ದು ವಿಷಯವೋ, ಭಾಷೆಯೋ?

ಅಳೆಯುವ ದಾರಿ ಇಲ್ಲವೆಂದಲ್ಲ. ಹಳ್ಳಿಯ ಮಕ್ಕಳ ಓದು, ಲೆಕ್ಕವನ್ನು ದೇಶದಾದ್ಯಂತ ಅಳೆಯುವ ಅಸರ್ ಸಮೀಕ್ಷೆಯವರು ಮನೆಗೇ ಹೋಗಿ, ಮಗುವಿನ ಎದುರು ಒಂದು ಹಾಳೆ ಇಟ್ಟು, ಅಕ್ಷರ, ಪದ, ಚಿಕ್ಕ ಪಾಠ, ಕತೆ ಎಂದು ಓದಿಸುತ್ತಾರೆ. ಎರಡನೆಯ ತರಗತಿಯ ಪಾಠ ಓದಬಲ್ಲ ಮೂರನೆಯ ತರಗತಿಯ ಮಕ್ಕಳ ಪ್ರಮಾಣ ಕೇರಳದ ಗ್ರಾಮೀಣ ಭಾಗದಲ್ಲಿ 2018ರಲ್ಲಿ ಶೇ. 52.1 ಇದ್ದದ್ದು 2022ರಲ್ಲಿ ಶೇ. 38.7ಕ್ಕೆ ಇಳಿಯಿತೆಂದು ತಿಳಿದದ್ದು ಹೀಗೆ. ಮೊದಲಿನ ಅಳತೆ ಇದ್ದುದರಿಂದಲೇ ಇಳಿದದ್ದು ಕಂಡಿತು. ಇಳಿಕೆಗೆ ಆನ್‌ಲೈನ್ ಪಾಠವೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ಆ ವರ್ಷಗಳ ನನ್ನ ಹಾಜರಿ ಪಟ್ಟಿಯಲ್ಲಿ ಇದರ ಸುಳಿವೂ ಇರಲಿಲ್ಲ.

ಮೂರನೆಯ ತರಗತಿಯ ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ ಕನ್ನಡದಲ್ಲಿ ಓದಿಸಿ ನೋಡಲು ನಾನೇ ಬರುತ್ತೇನೆಂದು ಮುಖ್ಯೋಪಾಧ್ಯಾಯರಿಗೆ ಹೇಳಿ ಬಂದಿದ್ದೇನೆ. ಉತ್ತರಕ್ಕೆ ಕಾಯುತ್ತಿದ್ದೇನೆ.